ಆಡೋರು ಯಾರು, ಆಳೋರು ಯಾರು?

ಪ್ರಶ್ನೆ: ಹಳೇ ಫುಟ್‌ಬಾಲ್ ಆಟಗಾರ ಜ್ವೊನಿಮಿರ್ ಬೊಬಾನ್ 2025ರಲ್ಲಿ ದಿನಾಮೊ ಜಾಗ್ರೆಬ್ ಕ್ಲಬ್‌ಗೆ ಪ್ರೆಸಿಡೆಂಟ್ ಆದ್ರಲ್ಲ ಸಾರ್, ಹೀಗೆ ಆಡಿದೋರೇ ಬಂದು ಕ್ಲಬ್ ನಡೆಸೋದು ಕ್ರೊಯೇಷಿಯಾದಲ್ಲಿ ಹೊಸ ಫ್ಯಾಷನ್ನಾ, ಇಲ್ಲಾ ಮೊದ್ಲಿಂದಾನೂ ಹಿಂಗೇನಾ?

ಉತ್ತರ: ಹೊಸದೇನಲ್ಲ ಬಿಡಿ. ಬೊಬಾನ್‌ಗಿಂತ ಮುಂಚೆ ದಾವೊರ್ ಶುಕೆರ್ ಇದ್ರಲ್ಲ, 1998ರ ವರ್ಲ್ಡ್‌ಕಪ್‌ನಲ್ಲಿ 6 ಗೋಲ್ ಹೊಡೆದು ಗೋಲ್ಡನ್ ಬೂಟ್ ತಗೊಂಡೋರು, ಅವ್ರು 2012ರಿಂದ 2021ರವರೆಗೆ ಇಡೀ ದೇಶದ ಫುಟ್‌ಬಾಲ್ ಫೆಡರೇಷನ್ನಿಗೇ ಅಧ್ಯಕ್ಷರಾಗಿದ್ರು. ಆದ್ರೆ ನೀವು ಕೇಳಿದ್ದು ಮೊದ್ಲಿನ ಕಾಲದ ಕಥೆ, ಅದಕ್ಕೆ ಜಾಗ್ರೆಬ್ ಬಿಟ್ಟು ಸಮುದ್ರದ ಕಡೆ, ಸ್ಪ್ಲಿಟ್ ಊರಿನ ಹಾಯ್ದುಕ್ ಕ್ಲಬ್ ಹತ್ರ ಹೋಗ್ಬೇಕು.

1911. ಪ್ರಾಗ್‌ನಲ್ಲಿ ಓದ್ತಿದ್ದ ಸ್ಪ್ಲಿಟ್ ಹುಡುಗ್ರು ಅಲ್ಲಿನ ಎರಡು ಕ್ಲಬ್‌ಗಳಾದ ಸ್ಲಾವಿಯಾ–ಸ್ಪಾರ್ಟಾ ಮ್ಯಾಚ್ ನೋಡ್ಕೊಂಡು ಬಂದು ಉ ಫ್ಲೆಕು ಅನ್ನೋ ಹಳೇ ಬಿಯರ್ ಅಂಗಡೀಲಿ ಕೂತ್ರು, ನಮ್ಮೂರಿಗೂ ಒಂದು ಕ್ಲಬ್ ಬೇಕು ಅಂತ ಅಲ್ಲೇ ತೀರ್ಮಾನ ಆಯ್ತು. ಫಾಬಿಯಾನ್ ಕಲಿತೆರ್ನಾ, ಲುಸಿಯಾನ್ ಸ್ಟೆಲ್ಲಾ, ಇವಾನ್ ಶಾಕಿಚ್, ವ್ಯೆಕೊಸ್ಲಾವ್ ಇವಾನಿಶೆವಿಚ್, ಈ ನಾಲ್ಕು ಹೆಸ್ರನ್ನ ಸ್ಪ್ಲಿಟ್‌ನೋರು ಇವತ್ತಿಗೂ ಮರೆತಿಲ್ಲ. ಊರಿಗೆ ಬಂದ್ಮೇಲೆ ಹೆಸರಿಡೋ ತಾಪತ್ರಯ ಶುರುವಾಯ್ತು, ಒಬ್ಬೊಬ್ರದ್ದು ಒಂದೊಂದು, ಕೊನೆಗೆ ತಮ್ಮ ಹಳೇ ಮೇಷ್ಟ್ರು ಯೋಸಿಪ್ ಬರಾಚ್ ಹತ್ರ ಹೋದ್ರು, ಅವ್ರು ಹಾಯ್ದುಕ್ ಅಂತ ಇಡ್ರೋ ಅಂದ್ರು. ಹಾಯ್ದುಕ್ ಅಂದ್ರೆ ತುರ್ಕರ ಆಳ್ವಿಕೆಗೆ ಬಗ್ಗದೆ ಕಾಡು ಗುಡ್ಡ ಸೇರ್ಕೊಂಡು ಹೋರಾಡಿದ ಬಂಡುಕೋರ. ಸರ್ಕಾರದ ಕಣ್ಣಿಗೆ ದರೋಡೆಕೋರ, ಜನರ ಬಾಯಲ್ಲಿ ಹೀರೋ.

ಆಗ ಸ್ಪ್ಲಿಟ್ ಇದ್ದದ್ದು ವಿಯೆನ್ನಾ ಕೈಕೆಳಗೆ, ಜಾಗ್ರೆಬ್ ಬುಡಾಪೆಸ್ಟ್ ಕೈಕೆಳಗೆ, ಅಂದ್ರೆ ಒಂದೇ ಜನ ಆಸ್ಟ್ರಿಯಾ-ಹಂಗೇರಿ ಅನ್ನೋ ಒಂದೇ ಚಕ್ರಾಧಿಪತ್ಯದೊಳಗೆ ಎರಡು ಭಾಗ ಆಗಿದ್ರು, ಅಂಥಾ ಟೈಮಲ್ಲಿ ಬಂಡುಕೋರನ ಹೆಸರಿಟ್ಕೊಂಡು, ಅದರ ಜೊತೆಗೆ ಕ್ರೊಯೇಷಿಯನ್ ಅಂತಾನೂ ಸೇರಿಸ್ಕೊಂಡು ಕ್ಲಬ್ ಮಾಡ್ತೀವಿ ಅಂತ ಅದೇ ಸರ್ಕಾರದ ಮುಂದೆ ಹೋಗಿ ನಿಲ್ಲೋದು ಅಂದ್ರೆ ಸುಮ್ನೆ ಮಾತಾ! ಫೆಬ್ರವರಿ 13ಕ್ಕೆ ರಿಜಿಸ್ಟ್ರೇಷನ್ ಆಯ್ತು. ಮೊದಲ ಪ್ರೆಸಿಡೆಂಟ್ ಕ್ರುನೊ ಕೊಲೊಂಬಟೊವಿಚ್. ಆಗಿನ ಪ್ರೆಸಿಡೆಂಟ್ ಅಂದ್ರೆ ಆಟಗಾರನ್ನ ಕೊಂಡು ಮಾರೋ ಸಾಹುಕಾರ ಅಂತ ಅಂದ್ಕೋಬೇಡಿ, ಪರ್ಮಿಷನ್ನು, ಮೈದಾನ ಇವೇ ದೊಡ್ಡ ತಲೆನೋವು.

ಅದೇ ವರ್ಷ ಜೂನ್ 11ಕ್ಕೆ ಊರೋರ ಮುಂದೆ ಮೊದಲ ಮ್ಯಾಚ್. ಎದುರಾಳಿ ಅದೇ ಊರಿನ ಕಾಲ್ಚೊ ಸ್ಪಾಲಾತೊ, ಇಟಲಿ ಕಡೆ ವಾಲಿದ್ದೋರ ಟೀಮು. ಹಾಯ್ದುಕ್ ಗೆದ್ದಿದ್ದು 9–0. ಮೊದಲ ಗೋಲ್ ಶಿಮೆ ರೌನಿಗ್‌ದು, ಅದೂ ಕಾಲಲ್ಲಿ ಒದ್ದಿದ್ದಲ್ಲ, ಬಾಲ್ ಮೊಣಕಾಲಿಗೆ ತಾಗಿ ಒಳಗೆ ಹೋಯ್ತು! ನೂರು ವರ್ಷದ ಮೇಲಾದ್ರೂ ಜನ ಹೇಳ್ಕೊಂಡು ನಗೋ ಗೋಲು ಅದು, ನಂಗಂತೂ ಆ 9ಕ್ಕಿಂತ ಈ ಮೊಣಕಾಲೇ ಇಷ್ಟ.

ಆಡಿದೋರೇ ನಡೆಸಿದ್ದಕ್ಕೆ ಒಳ್ಳೇ ಉದಾಹರಣೆ ಬೇಕಾದ್ರೆ ಫಾಬಿಯಾನ್ ತಮ್ಮ ಲೂಕಾ ಕಲಿತೆರ್ನಾ. ಮೊದ್ಲು ಆಟಗಾರ, ಆಮೇಲೆ ಕೋಚು, 1927 ಮತ್ತೆ 1929ರಲ್ಲಿ ಹಾಯ್ದುಕ್‌ನ ಯುಗೊಸ್ಲಾವಿಯಾ (ಕ್ರೊಯೇಷಿಯಾ ಆಗ ಸೇರಿದ್ದ ದೇಶ) ಚಾಂಪಿಯನ್ ಮಾಡಿಸಿದ್ದು ಅವ್ರೇ. ಅಣ್ಣ ಆರ್ಕಿಟೆಕ್ಟ್. ಒಬ್ಬ ಕಟ್ಟಡ ಕಟ್ಟಿದ, ಇನ್ನೊಬ್ಬ ಟೀಮ್ ಕಟ್ಟಿದ.

ಪ್ರಶ್ನೆ: ಯುದ್ಧದ ಟೈಮಲ್ಲಿ ಈ ಕ್ಲಬ್ ಮುಚ್ಚಿಹೋಯ್ತಾ?

ಉತ್ತರ: 1941ರಲ್ಲಿ ಇಟಲಿ ಸೈನ್ಯ ಊರು ಹಿಡೀತು, ನಮ್ಮ ಲೀಗ್‌ನಲ್ಲಿ ಆಡಿ ಅಂತ ಕರೆದ್ರೂ ಇವ್ರು ಒಲ್ಲೆ ಅಂದ್ರು, ಆಟ ನಿಂತೋಯ್ತು. 1944ರ ಮೇನಲ್ಲಿ ವಿಸ್ ದ್ವೀಪದಲ್ಲಿ ಕ್ಲಬ್‌ನ ಮತ್ತೆ ಎಬ್ಬಿಸಿದ್ರು, ಸೆಪ್ಟೆಂಬರ್‌ನಲ್ಲಿ ಇಟಲಿಯ ಬಾರಿ ಅನ್ನೋ ಊರಿಗೆ ಹೋಗಿ ಬ್ರಿಟಿಷ್ ಸೈನ್ಯದ ಟೀಮ್ ಜೊತೆ ಸುಮಾರು 40,000 ಜನರ ಮುಂದೆ ಆಡಿದ್ರು. ಸೋತ್ರು, 7–2.

ಪ್ರಶ್ನೆ: ಈಗ ಹಾಯ್ದುಕ್ ಯಾರ ಕೈಲಿದೆ?

ಉತ್ತರ: 2008ರಿಂದ ಷೇರು ಕಂಪನಿ. ಅಭಿಮಾನಿಗಳ ಸಂಘ ನಾಶ್ ಹಾಯ್ದುಕ್ ಹತ್ರಾನೇ ಸುಮಾರು ಕಾಲು ಭಾಗ ಷೇರಿದೆ, ಮೇಲ್ವಿಚಾರಣಾ ಮಂಡಳಿಗೆ ಯಾರು ಅಂತ ಮೆಂಬರ್‌ಗಳೇ ವೋಟ್ ಹಾಕ್ತಾರೆ. ಬೊಬಾನ್ ಕೂಡ ಬಂದಿದ್ದು ದಿನಾಮೊ ಮೆಂಬರ್‌ಗಳು ವೋಟ್ ಹಾಕಿ ಹಳಬ್ರನ್ನ ಇಳಿಸಿದ ಮೇಲೇನೇ.