ಅಮೆರಿಕದ ಗೋಧಿ ಕೊಯ್ಲು ತಂಡಗಳು ಯಂತ್ರ ಸಮೇತ ರಾಜ್ಯದಿಂದ ರಾಜ್ಯಕ್ಕೆ ಹೇಗೆ ಹೋಗುತ್ತವೆ? ಬಾಡಿಗೆ ಲೆಕ್ಕ ಹೇಗೆ?

ಬೆಳೆ ಮಾಗುವ ದಿಕ್ಕನ್ನೇ ಹಿಡಿದು ಹೋಗುತ್ತವೆ. ಮೇ ಕೊನೆಗೆ ಟೆಕ್ಸಾಸ್, ಒಕ್ಲಹೋಮ, ಜೂನ್‌ನಲ್ಲಿ ಕ್ಯಾನ್ಸಾಸ್, ಆಗಸ್ಟ್ ಹೊತ್ತಿಗೆ ಮೊಂಟಾನ, ಉತ್ತರ ಡಕೋಟ. ಯಂತ್ರದ ಮುಂದೆ ಬೆಳೆ ಕತ್ತರಿಸುವ 35–40 ಅಡಿ ಅಗಲದ ಭಾಗವಾದ ಹೆಡರನ್ನು ಕಳಚಿ ಉದ್ದಕ್ಕೆ ಬೇರೆ ಟ್ರೇಲರ್ ಮೇಲೆ ಇಡುತ್ತಾರೆ, ಕೊಯ್ದು ಒಕ್ಕುವ ಯಂತ್ರವಾದ ಕಂಬೈನ್ ತಗ್ಗು ಟ್ರೇಲರ್ ಏರುತ್ತದೆ. ಹಾಗಿದ್ದರೂ ಹೆದ್ದಾರಿಯ ಎಂಟೂವರೆ ಅಡಿ ಮಿತಿಗಿಂತ ಅಗಲವೇ, ಆದ್ದರಿಂದ ದಾಟುವ ಪ್ರತಿ ರಾಜ್ಯದ ನಿಯಮ, ಪರವಾನಗಿ ನೋಡಿಕೊಳ್ಳಬೇಕು.

ಬಾಡಿಗೆಗೆ ಮೂರು ಭಾಗ: ಎಕರೆಗೆ ಇಷ್ಟು, ಎಕರೆಗೆ 20 ಬುಷೆಲ್ (ಗೋಧಿಯ ಒಂದು ಬುಷೆಲ್ ಅಂದರೆ ಸುಮಾರು 27 ಕೆಜಿ) ಮೀರಿದ ಇಳುವರಿಗೆ ಬುಷೆಲ್‌ಗೆ ಇಷ್ಟು, ಸಾಗಣೆಗೆ ಬುಷೆಲ್‌ಗೆ ಇಷ್ಟು. ಉದಾಹರಣೆಗೆ ದರ 20 ಡಾಲರ್, 20 ಸೆಂಟ್, 20 ಸೆಂಟ್ ಎಂದುಕೊಳ್ಳಿ (ಈಗಿನ ದರ ಇದಕ್ಕಿಂತ ಹೆಚ್ಚು). ಎಕರೆಗೆ 50 ಬುಷೆಲ್ ಬಂದರೆ 20 + 6 + 10, ಒಟ್ಟು 36 ಡಾಲರ್.

ತಂಡವನ್ನು ಹೆಚ್ಚು ಕಾಡುವುದು ಮಳೆ. ದಕ್ಷಿಣದಲ್ಲಿ ಒಂದು ವಾರ ನಿಂತರೆ ಉತ್ತರದ ಹೊಲ ಕಾಯುವುದಿಲ್ಲ, ಮುಂದಿನ ರೈತ ಬೇರೆಯವರನ್ನು ಕರೆಯುತ್ತಾನೆ. ಕಾಳಿನ ತೇವ 13.5% ಮೀರಿದರೆ ಗೋದಾಮಿನವರು ಬೆಲೆ ಕಡಿತ ಮಾಡುತ್ತಾರೆ. ಇಬ್ಬನಿ ಆರುವವರೆಗೆ ಕಾಯದೆ ಬೇರೆ ದಾರಿಯಿಲ್ಲ.

ರೈತನಾದವನು ಯಂತ್ರ ಹೋದ ಮೇಲೆ ನೆಲ ನೋಡಲೇಬೇಕು. ಕೊಯ್ದ ಪೂರ್ತಿ ಅಗಲದ ಸರಾಸರಿಯಲ್ಲಿ ಚದರ ಅಡಿಗೆ 20 ಕಾಳು ಬಿದ್ದಿದ್ದರೆ ಎಕರೆಗೆ ಒಂದು ಬುಷೆಲ್ ನಷ್ಟ. ತೆನೆಯಿಂದ ತಾನೇ ಉದುರಿದ್ದನ್ನು ಕಳೆಯಲು ಮುಂದಿನ ಕೊಯ್ಯದ ಜಾಗದಲ್ಲೂ ಎಣಿಸಿ. ಹೊಲ ಬದಲಿಸುವ ಮುನ್ನ ಹೆಡರ್, ಜರಡಿ, ಕಾಳು ಮೇಲೆತ್ತುವ ಎಲಿವೇಟರ್ ತಳಕ್ಕೆ ಗಾಳಿ ಊದಿ ಶುಚಿ ಮಾಡಿಸಿ. ಕಳೆ ಬೀಜ ಊರೂರು ದಾಟುವುದು ಅಲ್ಲಿಂದಲೇ.