ಮಾಂಸಕ್ಕೆ ‘ಸರ್’ ಬಿರುದು ಯಾವ ರಾಜನೂ ಕೊಟ್ಟಿಲ್ಲ

ಪ್ರಶ್ನೆ: ಇಂಗ್ಲೆಂಡಿನ ರಾಜನೊಬ್ಬ ದನದ ಮಾಂಸದ ರುಚಿಗೆ ಮರುಳಾಗಿ, ಕತ್ತಿ ಮುಟ್ಟಿಸಿ ಅದಕ್ಕೆ ‘ಸರ್’ ಬಿರುದು ಕೊಟ್ಟನಂತೆ. ಸರ್‌ಲಾಯಿನ್ ಸ್ಟೇಕ್ ಎಂಬ ಮಾಂಸದ ತುಂಡಿಗೆ ಆ ಹೆಸರು ಹಾಗೇ ಬಂತಾ?

ಉತ್ತರ: ಇಲ್ಲ. ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ! ಪ್ರತಿ ಸಲ ರಾಜ ಮಾತ್ರ ಬೇರೆ. ಒಬ್ಬರಿಗೆ ಎಂಟನೇ ಹೆನ್ರಿ, ಇನ್ನೊಬ್ಬರಿಗೆ ಒಂದನೇ ಜೇಮ್ಸ್, ಮತ್ತೊಬ್ಬರಿಗೆ ಎರಡನೇ ಚಾರ್ಲ್ಸ್. ಅಷ್ಟಕ್ಕೇ ಅನುಮಾನ ಬರಬೇಕಲ್ವಾ?

ಹೆನ್ರಿ ಸತ್ತದ್ದು 1547ರಲ್ಲಿ. ಅವನ ಹೆಸರಿಗೆ ಈ ಕಥೆಯನ್ನು ಇತಿಹಾಸಕಾರ ಥಾಮಸ್ ಫುಲ್ಲರ್ ಬರೆದದ್ದು 1655ರಲ್ಲಿ. ಜೇಮ್ಸ್ ಬಿರುದು ಕೊಟ್ಟ ಅನ್ನುವ ಜಾಗ ಇಂಗ್ಲೆಂಡಿನ ಲ್ಯಾಂಕಶೈರಿನ ಹಾಟನ್ ಟವರ್ ಎಂಬ ಬಂಗಲೆ; 1617ರಲ್ಲಿ ಅವನು ಅಲ್ಲಿ ತಂಗಿದ್ದು ನಿಜ. ಆದರೆ ಅವನು ಇಂಗ್ಲೆಂಡಿನ ಪಟ್ಟ ಏರುವ ಮೊದಲೇ ಈ ಪದ ಆ ದೇಶದಲ್ಲಿ ಬಳಕೆಯಲ್ಲಿತ್ತು.

ಪದ ಬಂದದ್ದು ಹಳೆಯ ಫ್ರೆಂಚಿನ ‘ಸುರ್‌ಲೋಂಜ್’ನಿಂದ. ‘ಸುರ್’ ಅಂದರೆ ಮೇಲೆ, ‘ಲೋಂಜ್’ ಅಂದರೆ ಬೆನ್ನಿನ ಕೆಳಭಾಗ. ಅದರ ಬೇರು ಲ್ಯಾಟಿನ್ನಿನ ‘ಲುಂಬುಸ್’. ಸೊಂಟನೋವಿಗೆ ಸ್ಕ್ಯಾನ್ ಮಾಡಿಸಿದರೆ ವರದಿಯಲ್ಲಿ ‘ಲಂಬಾರ್’ ಅಂತ ಇರುತ್ತದಲ್ಲ, ಅದೂ ಇದೇ ಬೇರಿನದು. ಇಂಗ್ಲಿಷಿನಲ್ಲೂ ಮೊದಲು ‘ಯು’ ಅಕ್ಷರ ಹಾಕಿಯೇ (surloin) ಬರೆಯುತ್ತಿದ್ದರು. 17ನೇ ಶತಮಾನದಲ್ಲಿ ‘ಐ’ ಹಾಕುವುದು (sirloin) ಜಾಸ್ತಿಯಾಯಿತು. ‘ಸರ್‌ನೇಮ್’ ಪದದಲ್ಲಿ ಇರುವುದೂ ಇದೇ ‘ಸುರ್’. ಅದನ್ನೂ ಒಂದು ಕಾಲಕ್ಕೆ ‘ಐ’ ಹಾಕಿ ಬರೆದವರಿದ್ದರು.

ನಮ್ಮಲ್ಲೂ ಇದೇ ಪಾಡು. ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂಗಳೂರು ಅನ್ನುತ್ತಾರೆ. ಬೇಗೂರಿನ ಶಾಸನದಲ್ಲಿ ಆ ಹೆಸರು ಸುಮಾರು 890ರಲ್ಲೇ ಇದೆ. ಬಲ್ಲಾಳ ಆಳಿದ್ದು ಅದಾಗಿ ಸುಮಾರು 300 ವರ್ಷದ ಮೇಲೆ. ಕಥೆ ಚೆನ್ನಾಗಿದೆ ಅಂತ ಸುಮ್ನೆ ಹಂಚುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಮಕ್ಕಳು ಅದನ್ನೇ ಇತಿಹಾಸ ಅಂದುಕೊಳ್ಳುತ್ತಾರೆ. ಹಂಚುವ ಮೊದಲು ಇಸವಿ ನೋಡಿ.

ಪ್ರಶ್ನೆ: ಟಿ-ಬೋನ್ ಸ್ಟೇಕ್‌ನಲ್ಲಿ ‘ಟಿ’ ಅಂದರೆ ಏನು?

ಉತ್ತರ: ಮೂಳೆಯ ಆಕಾರ. ತಟ್ಟೆ ನೋಡಿದರೆ ಸಾಕು.

ಪ್ರಶ್ನೆ: ಹ್ಯಾಂಬರ್ಗರ್‌ನಲ್ಲಿ ಹ್ಯಾಮ್ (ಹಂದಿ ಮಾಂಸ) ಯಾಕಿಲ್ಲ?

ಉತ್ತರ: ಅದು ಜರ್ಮನಿಯ ಹ್ಯಾಂಬರ್ಗ್ ಊರಿನ ಹೆಸರು.

ಪ್ರಶ್ನೆ: ಅಮೆರಿಕದ ರೆಸಿಪಿ ನೋಡಿ ಲಂಡನ್ನಿನಲ್ಲಿ ಸರ್‌ಲಾಯಿನ್ ಕೊಂಡರೆ ಆಗುತ್ತದಾ?

ಉತ್ತರ: ಹೆಸರು ಒಂದೇ, ಭಾಗ ಬೇರೆ. ಅಮೆರಿಕದವರ ಸರ್‌ಲಾಯಿನ್ ದನದ ಇನ್ನೂ ಹಿಂಬದಿಯದು, ಬ್ರಿಟಿಷರು ಹೆಚ್ಚಾಗಿ ರಂಪ್ ಅನ್ನುವ ಭಾಗ. ಅಂಗಡಿಯಲ್ಲಿ ‘ರಂಪ್ ಸ್ಟೇಕ್’ ಕೇಳಿ.