ಮೊದಲ ರೈಫಲ್ ಕಿಟ್ಟಾ? ಕೇಪಿನ ಕೋವಿಯಿಂದ ಶುರು ಮಾಡಿ

ಅಮೆರಿಕಕ್ಕೆ ಬಂದು ಮೂರು ವರ್ಷ, ಪೆನ್ಸಿಲ್ವೇನಿಯಾದಲ್ಲಿ ಮನೆ, ಕಿಟ್ ತರಿಸಿ ಕೈಯಾರೆ ಒಂದು ರೈಫಲ್ ಜೋಡಿಸುವ ಆಸೆ, ಬಜೆಟ್ 500 ಡಾಲರ್, ಮರಗೆಲಸದ ಗಂಧಗಾಳಿ ಇಲ್ಲ, ಆಗುತ್ತದಾ ಎಂದು ಕೇಳಿದ್ದೀರಿ. ಆಗುತ್ತದೆ. ನಾನೂ ಇದೇ ರಾಜ್ಯದಲ್ಲಿ, ಇಷ್ಟೇ ಅಜ್ಞಾನದಲ್ಲಿ ಶುರು ಮಾಡಿದವನು. ಮೊಳೆ ಹೊಡೆಯುವುದು ಬಿಟ್ಟರೆ ಬೇರೆ ಮರಗೆಲಸ ಬರುತ್ತಿರಲಿಲ್ಲ. ಆ ಏಟೂ ಅರ್ಧ ಸಲ ಬೆರಳಿಗೇ ಬೀಳುತ್ತಿತ್ತು.

ಯಾವ ರೈಫಲ್ ಎಂದು ನೀವು ಬರೆದಿಲ್ಲ. ಎಆರ್-15 ಎಂಬ ಆಧುನಿಕ ರೈಫಲ್ಲಿನ ಮಾದರಿ ಮನಸ್ಸಿನಲ್ಲಿದ್ದರೆ ಸದ್ಯಕ್ಕೆ ಬದಿಗಿಡಿ. ಅದರಲ್ಲಿ ಟ್ರಿಗರ್ ಕೂರುವ ಕೆಳಗಿನ ಚೌಕಟ್ಟು, ಅಂದರೆ ಲೋವರ್ ರಿಸೀವರ್ ಎಂಬ ಒಂದು ಭಾಗವೇ ಕಾನೂನಿನ ಕಣ್ಣಿಗೆ ಇಡೀ ಬಂದೂಕು. ಪರವಾನಗಿ ಇರುವ ಅಂಗಡಿಗೆ ಹೋಗಿ, ಹಿನ್ನೆಲೆ ತಪಾಸಣೆ ಮುಗಿಸಿಯೇ ತರಬೇಕು. ಜೊತೆಗೆ ನೀವು ಎಚ್-1ಬಿ ವೀಸಾದಲ್ಲಿದ್ದರೆ ಆಧುನಿಕ ಬಂದೂಕು ಇಟ್ಟುಕೊಳ್ಳಲು ಫೆಡರಲ್ ಕಾನೂನೇ ಅಡ್ಡ ಬರುತ್ತದೆ. ಬೇಟೆ ಲೈಸೆನ್ಸ್ ಇದ್ದವರಿಗೆ ಎಂಬಂಥ ಕೆಲವು ವಿನಾಯಿತಿಗಳಿವೆ, ಆದರೆ ಹವ್ಯಾಸಕ್ಕೆ ಹೋಗಿ ವೀಸಾಕ್ಕೆ ಕುತ್ತು ತಂದುಕೊಳ್ಳುವಷ್ಟು ದೊಡ್ಡ ಆಸೆ ಯಾವುದೂ ಅಲ್ಲ. ಅದು ಬಿಟ್ಟರೂ, ಆ ಮಾದರಿಯಲ್ಲಿ ಕೈಗೆ ಕೆಲಸವೇ ಇಲ್ಲ. ಬಿಡಿಭಾಗಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಕೈಯಾರೆ ಮಾಡಿದ್ದು ಅಂತ ಹೇಳಿಕೊಳ್ಳಲು ನನಗಂತೂ ಸಂಕೋಚ.

ನಾನು ಹೇಳುವುದು ನಳಿಗೆಯ (ಬ್ಯಾರೆಲ್) ಬಾಯಿಂದ ಮದ್ದು ತುಂಬಿ, ಕೇಪು ಎಂಬ ಪುಟ್ಟ ಲೋಹದ ಟೋಪಿಯ ಕಿಡಿಯಿಂದ ಹೊತ್ತಿಸುವ ಕೋವಿಯ ಕಿಟ್. 1968ರ ಗನ್ ಕಂಟ್ರೋಲ್ ಆ್ಯಕ್ಟ್ ಇಂಥವನ್ನು ಪುರಾತನ ಆಯುಧಗಳ ಗುಂಪಿಗೆ ಹಾಕುತ್ತದೆ, ಆದ್ದರಿಂದ ಫೆಡರಲ್ ಮಟ್ಟದಲ್ಲಿ ಇದು ‘ಬಂದೂಕು’ ಅಲ್ಲ. ಹಾಗಂತ ಎಲ್ಲ ರಾಜ್ಯದಲ್ಲೂ ಹಾಗೇ ಅಂದುಕೊಳ್ಳಬೇಡಿ. ಪಕ್ಕದ ನ್ಯೂಜೆರ್ಸಿ ಇದನ್ನೂ ಬಂದೂಕು ಎಂದೇ ನೋಡುತ್ತದೆ. ನಾಳೆ ಕೆಲಸ ಬದಲಾಗಿ ಡೆಲವೇರ್ ನದಿ ದಾಟಿ ಅಲ್ಲಿಗೆ ಹೋಗುವ ಯೋಚನೆ ಇದ್ದರೆ ಮೊದಲು ಅಲ್ಲಿಯ ನಿಯಮ ಓದಿ. ವೀಸಾದ ಪ್ರಶ್ನೆ ಇದ್ದರೆ ವಕೀಲರನ್ನೇ ಕೇಳಿ, ನನ್ನಂಥವನ ಉತ್ತರವನ್ನು ನಂಬಿ ದುಡ್ಡು ಕಟ್ಟಬೇಡಿ.

ಮಲೆನಾಡಿನವರಾದರೆ ಕೇಪಿನ ಕೋವಿ ಅಂದಕೂಡಲೇ ನಿಮಗೆ ಅರ್ಥವಾಗಿರುತ್ತದೆ. ನಮ್ಮ ಅಜ್ಜನ ಹತ್ತಿರ ಬೆಳೆ ರಕ್ಷಣೆಯ ಲೈಸೆನ್ಸಿನ ಒಂದು ಒಂಟಿ ನಳಿಗೆ ಇತ್ತು. ಹಂದಿಗಿಂತ ಹೆಚ್ಚಾಗಿ ಅದು ಕಂಡದ್ದು ಪೊಲೀಸ್ ಠಾಣೆಯನ್ನು, ಯಾಕೆಂದರೆ ಪ್ರತಿ ಚುನಾವಣೆಗೂ ಒಯ್ದು ಒಪ್ಪಿಸಿ ಬರಬೇಕಿತ್ತು. ನಳಿಗೆ, ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ), ಗಜ (ಮದ್ದು, ಗುಂಡನ್ನು ಒಳಗೆ ತಳ್ಳುವ ಉದ್ದ ಕೋಲು), ಕೇಪು, ಮದ್ದು, ಈಡು (ಒಂದು ಸಲಕ್ಕೆ ತುಂಬುವ ಮದ್ದು, ಗುಂಡು) ಎಂಬ ಮಾತುಗಳನ್ನೆಲ್ಲ ಕೇಳಿಕೊಂಡೇ ಬೆಳೆದವನಿಗೆ ಇಲ್ಲಿ ಪೆಟ್ಟಿಗೆ ಬಿಚ್ಚಿದಾಗ ಒಂದೂ ಹೊಸ ವಸ್ತು ಅನ್ನಿಸಲಿಲ್ಲ. ಹೆಸರು ಮಾತ್ರ ಇಂಗ್ಲಿಷಿನಲ್ಲಿತ್ತು.

ನಾನು ತಂದದ್ದು ಕೆಂಟಕಿ ರೈಫಲ್ ಮಾದರಿಯ ಕಿಟ್. ಕೆಂಟಕಿ ಎಂದರೂ ಇದರ ತವರು ನಮ್ಮ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸೀಮೆ. 18ನೇ ಶತಮಾನದಲ್ಲಿ ಇಲ್ಲಿಗೆ ವಲಸೆ ಬಂದ ಜರ್ಮನ್ ಮಾತಿನ ಕಮ್ಮಾರರು ತಮ್ಮೂರಿನ ಗಿಡ್ಡ, ದಪ್ಪ ಯೇಗರ್ ರೈಫಲ್ಲನ್ನು ಉದ್ದ ಮಾಡಿ, ತೆಳ್ಳಗೆ ಮಾಡಿ, ಮೇಪಲ್ ಮರ ಕೂರಿಸಿ ರೂಪಿಸಿದ್ದು. ಚನ್ನಪಟ್ಟಣದಲ್ಲಿ ಕಡೆದ ಗೊಂಬೆಯನ್ನು ಮೈಸೂರು ಗೊಂಬೆ ಅಂದರೆ ಹೇಗೋ ಹಾಗೆ, ಮಾಡಿದ ಊರಿನ ಹೆಸರು ಹೋಗಿ ಬಳಸಿದ ಊರಿನ ಹೆಸರು ನಿಂತಿತು. ಅಗ್ಗದ ಕಿಟ್‌ನಲ್ಲಿ ಮೇಪಲ್ ಬರುವುದಿಲ್ಲ, ಸಾಮಾನ್ಯವಾಗಿ ಬೀಚ್ ಮರ. ನನ್ನದು 0.50 ಕ್ಯಾಲಿಬರ್ (ನಳಿಗೆಯ ತೂತು ಅರ್ಧ ಅಂಗುಲ), 33.5 ಅಂಗುಲದ ಎಂಟು ಮೂಲೆಯ ನಳಿಗೆ. ಮರ ಒಂದೇ ಉದ್ದದ್ದಲ್ಲ, ಎರಡು ತುಂಡು. ನಡುವೆ ಹಿತ್ತಾಳೆಯ ಪಟ್ಟಿ. ಸಂಪ್ರದಾಯಸ್ಥರು ನೋಡಿದರೆ ಮೂಗು ಮುರಿಯುತ್ತಾರೆ. ಮುರಿಯಲಿ. ಒಂದೇ ತುಂಡಿನ ಒಳ್ಳೆಯ ಮೇಪಲ್ ಇರುವ, ಓಹಾಯೋದ ಕಿಬ್ಲರ್ ಥರದವರ ಕಿಟ್‌ಗೆ ಸಾವಿರ ಡಾಲರ್ ದಾಟುತ್ತದೆ. ಅದು ಎರಡನೆಯದಕ್ಕಿರಲಿ.

ಕೇಪಿನದೋ ಚಕಮಕಿ ಕಲ್ಲಿನದೋ ಎಂಬ ಗೊಂದಲ ಬರುತ್ತದೆ. ಈ ರಾಜ್ಯದಲ್ಲಿ ಕ್ರಿಸ್ಮಸ್ ನಂತರ ಚಕಮಕಿಯ ಕೋವಿಗೆಂದೇ ಜಿಂಕೆ ಬೇಟೆಯ ಒಂದು ಅವಧಿ ಬಹುಕಾಲ ನಡೆದುಬಂದಿದೆ, ಹಾಗಾಗಿ ಇಲ್ಲಿಯವರು ಅದನ್ನೇ ತಗೊಳ್ಳಿ ಅನ್ನುತ್ತಾರೆ. ಬೇಟೆಯ ಉದ್ದೇಶ ಇಲ್ಲದಿದ್ದರೆ ಕೇಪಿನದೇ ಸರಿ. ಕಲ್ಲಿನ ಕಿಡಿ ಒಮ್ಮೆ ಹಾರುತ್ತದೆ, ಇನ್ನೊಮ್ಮೆ ಇಲ್ಲ. ಹೊಸಬರಿಗೆ ತಪ್ಪು ಕೋವಿಯದ್ದೋ ಕೈಯದ್ದೋ ಗೊತ್ತಾಗುವುದಿಲ್ಲ.

ಈಗ ಮುಖ್ಯ ವಿಷಯ. ಇಂಥ ಕಿಟ್‌ನಲ್ಲಿ ಜೀವಕ್ಕೆ ಸಂಬಂಧಿಸಿದ ಭಾಗಗಳೆಲ್ಲ, ಅಂದರೆ ನಳಿಗೆ, ಅದರ ಹಿಂಬದಿಯ ಬಿರಡೆ, ಕುದುರೆಯ ಯಂತ್ರ, ಕಾರ್ಖಾನೆಯಲ್ಲೇ ಮುಗಿದು ಬರುತ್ತವೆ. ಅವುಗಳ ತಂಟೆಗೆ ನೀವು ಹೋಗುವ ಹಾಗೇ ಇಲ್ಲ. ಉಳಿದದ್ದು ಮರ ಮತ್ತು ಲೋಹ ಒಂದಕ್ಕೊಂದು ಕೂರುವ ಹಾಗೆ ಮಾಡುವುದು, ಉಜ್ಜುವುದು, ಬಣ್ಣ ಬರಿಸುವುದು. ಕಿಟ್ ಅಗ್ಗವಾದಷ್ಟೂ ಉಜ್ಜುವುದು ಜಾಸ್ತಿ. ಅಂಗಡಿಯಲ್ಲಿ ಉಳಿಸಿದ ದುಡ್ಡನ್ನು ಅರ, ಉಪ್ಪುಕಾಗದ ಹಿಡಿದು ತೀರಿಸಬೇಕು. ನನಗೆ ಸಂಜೆ ಸಂಜೆ ಕೂತು ಎರಡೂವರೆ ತಿಂಗಳಾಯಿತು.

ಕೂರಿಸುವ ಕೆಲಸದಲ್ಲೇ ಎಲ್ಲ ಇರುವುದು. ಹಿಂಬದಿಯಲ್ಲಿ ಭುಜಕ್ಕೆ ತಾಗುವ ಕಡೆ ಅರ್ಧಚಂದ್ರದ ಹಿತ್ತಾಳೆ ತಗಡೊಂದು ಬರುತ್ತದೆ. ಮರ ಬೇಕೆಂದೇ ಸ್ವಲ್ಪ ದಪ್ಪ ಬಿಟ್ಟಿರುತ್ತಾರೆ. ತಗಡು ಇಟ್ಟರೆ ಮಧ್ಯೆ ಬೆಳಕು ಕಾಣುತ್ತದೆ, ಎಲ್ಲಿ ತಾಗುತ್ತಿದೆ ಎಂದು ಮಾತ್ರ ಕಣ್ಣಿಗೆ ಸಿಗುವುದಿಲ್ಲ. ಇದಕ್ಕೆಂದೇ ಕಪ್ಪು ಮಸಿ ಮಾರುತ್ತಾರೆ. ನಾನು ದೇವರ ದೀಪದ ಮೇಲೆ ಸ್ಟೀಲ್ ತಟ್ಟೆ ಬೋರಲು ಹಿಡಿದು, ಕೂತ ಕಾಡಿಗೆಗೆ ಎರಡು ಹನಿ ಎಣ್ಣೆ ಕಲಸಿ, ಅದನ್ನೇ ತಗಡಿನ ಒಳಮೈಗೆ ತೆಳ್ಳಗೆ ಸವರಿದೆ. ಮರಕ್ಕೆ ಒತ್ತಿ ತೆಗೆದರೆ ಕಪ್ಪು ಎಲ್ಲಿ ಅಂಟಿದೆಯೋ ಅಲ್ಲೇ ಮರ ಎದ್ದಿದೆ ಎಂದು ಅರ್ಥ. ಆ ಚುಕ್ಕೆಯನ್ನಷ್ಟೇ ಉಳಿಯಿಂದ ಕೆರೆಯಬೇಕು. ಮತ್ತೆ ಸವರು, ಒತ್ತು, ತೆಗೆ, ಕೆರೆ. ಮೊದಲು ಎರಡು ಚುಕ್ಕೆ ಕಾಣುತ್ತವೆ, ಆಮೇಲೆ ಐದು, ಹತ್ತು. ಕಪ್ಪು ಎಲ್ಲ ಕಡೆ ಸಮನಾಗಿ ಅಂಟಿದ ದಿನ ತಗಡು ‘ಟಪ್’ ಅಂತ ಕೂರುತ್ತದೆ. ಆ ಸದ್ದಿಗಾಗಿ ನಾನು ನಾಲ್ಕು ಸಂಜೆ ಕೊಟ್ಟೆ. ಅವಸರಪಟ್ಟು ಅರದಿಂದ ಸಾರಾಸಗಟಾಗಿ ಉಜ್ಜಿದರೆ ಅಂಚು ಹೋಗುತ್ತದೆ. ಹೋದ ಮರ ವಾಪಸ್ ಬರುವುದಿಲ್ಲ.

ಸ್ಕ್ರೂಗಳ ಬಗ್ಗೆ ಒಂದು ಎಚ್ಚರಿಕೆ. ಕಿಟ್‌ನ ಹಿತ್ತಾಳೆ ಸ್ಕ್ರೂ ಮೆತ್ತಗಿರುತ್ತದೆ, ಬೀಚ್ ಮರ ಗಟ್ಟಿ. ಸಣ್ಣ ತೂತು ಕೊರೆದು ಜೋರಾಗಿ ತಿರುಗಿಸಿದೆ, ತಲೆ ಕಳಚಿ ಬಂತು. ಒಳಗುಳಿದ ತುಂಡಿನ ಸುತ್ತ ಸಣ್ಣ ಡ್ರಿಲ್‌ನಿಂದ ಕೊರೆದು, ಇಕ್ಕಳದಲ್ಲಿ ಎಳೆದು, ತೂತಿಗೆ ಮರದ ಬೆಣೆ ಅಂಟಿಸಿ ಮತ್ತೆ ಕೊರೆಯುವಷ್ಟರಲ್ಲಿ ಒಂದು ಭಾನುವಾರ ಹೋಯಿತು. ಸರಿಯಾದ ಅಳತೆಯ ತೂತು ಕೊರೆದು, ಅದೇ ಗಾತ್ರದ ಉಕ್ಕಿನ ಸ್ಕ್ರೂಗೆ ಸೋಪು ಸವರಿ ಮೊದಲು ತಿರುಗಿಸಿ ದಾರಿ ಮಾಡಿ. ಹಿತ್ತಾಳೆಯದ್ದು ಆಮೇಲೆ ಬೆಣ್ಣೆಯ ಹಾಗೆ ಇಳಿಯುತ್ತದೆ.

ಮರಕ್ಕೆ 120ರಿಂದ ಶುರು ಮಾಡಿ 220, 320 ನಂಬರಿನ ಸ್ಯಾಂಡ್‌ಪೇಪರ್ ಸಾಕು. ನಡುವೆ ಒಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಮರದ ನಾರು ಗಡ್ಡದ ಹಾಗೆ ಎದ್ದು ನಿಲ್ಲುತ್ತದೆ, ಅದನ್ನು ಉಜ್ಜಿ ತೆಗೆದ ಮೇಲೆಯೇ ಬಣ್ಣ. ಮೇಲೆ ಅಂಗಡಿಯಲ್ಲಿ ‘ಬಾಯ್ಲ್ಡ್ ಲಿನ್ಸೀಡ್ ಆಯಿಲ್’ ಎಂದು ಸಿಗುವ ಅಗಸೆ ಎಣ್ಣೆ, ಬೆರಳ ತುದಿಯಲ್ಲಿ, ತೆಳ್ಳಗೆ, ದಿನಕ್ಕೊಂದು ಪದರ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾಗಿದ್ದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಒಣಹಾಕಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ. ಇಡೀ ಕಿಟ್ ಕೆಲಸದಲ್ಲಿ ಮನೆಗೇ ಬೆಂಕಿ ಹಚ್ಚಬಲ್ಲದ್ದು ಈ ಚಿಂದಿಬಟ್ಟೆ.

ನಳಿಗೆಗೆ ಕಂದು ಬಣ್ಣ ಬರಿಸುವುದು ಅಂದರೆ ಬೇಕೆಂದೇ ತುಕ್ಕು ಹಿಡಿಸುವುದು. ನಳಿಗೆಯ ಬಾಯಿಗೂ ಕೇಪಿನ ಕಡೆಯ ತೂತಿಗೂ ಬಿರಡೆ ಬಡಿದು, ಜಿಡ್ಡು ಪೂರ್ತಿ ತೆಗೆದು, ಬ್ರೌನಿಂಗ್ ದ್ರಾವಣ ಸವರಿ, ತೇವದ ಜಾಗದಲ್ಲಿ ನೇತುಹಾಕಬೇಕು. ಮೇಲೆದ್ದ ತುಕ್ಕನ್ನು ಸ್ಟೀಲ್ ವುಲ್‌ನಿಂದ ಉಜ್ಜಿ ಮತ್ತೆ ಸವರಬೇಕು. ನಮ್ಮೂರಿನ ಆಷಾಢದಲ್ಲಿ ದ್ರಾವಣವೂ ಬೇಡ, ನಳಿಗೆಯನ್ನು ಜಗಲಿಯಲ್ಲಿ ಇಟ್ಟರೆ ಸಾಕಿತ್ತು! ಇಲ್ಲಿ ಜನವರಿ, ಹೀಟರ್ ಓಡುವ ಒಣ ಮನೆ, ಮೂರು ದಿನವಾದರೂ ತುಕ್ಕು ಬರಲೊಲ್ಲದು. ಕೊನೆಗೆ ಬಚ್ಚಲಲ್ಲಿ ಶವರ್ ಕಂಬಿಗೆ ಕಟ್ಟಿ, ಬಿಸಿನೀರು ಬಿಟ್ಟು ಬಾಗಿಲು ಹಾಕಿದೆ. ಹೆಂಡತಿ, “ತುಕ್ಕು ಹಿಡಿಸಕ್ಕೆ ಇಷ್ಟು ಕಷ್ಟಪಡೋರನ್ನ ನಿಮ್ಮನ್ನೇ ನೋಡಿದ್ದು” ಅಂದಳು. ವಾರದಲ್ಲಿ ಹುಣಸೆಬೀಜದ ಬಣ್ಣ ಬಂತು, ಒಂದು ಜಾಗ ಬಿಟ್ಟು. ಜಿಡ್ಡು ತೆಗೆದ ಮೇಲೆ ಎಲ್ಲೋ ಬರಿಗೈಯಲ್ಲಿ ಮುಟ್ಟಿದ್ದೆ, ಹೆಬ್ಬೆಟ್ಟಿನ ಗೆರೆಗಳು ಗೆರೆಗಳಾಗಿಯೇ ಬೆಳ್ಳಗೆ ಉಳಿದವು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಒತ್ತಿಸಿಕೊಂಡಷ್ಟು ಸ್ಪಷ್ಟವಾಗಿ. ಕೈಗವಸು ಹಾಕಿಕೊಳ್ಳಿ. ಬಣ್ಣ ಸಾಕೆನಿಸಿದಾಗ ಅಡುಗೆ ಸೋಡಾ ನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿದರೆ ತುಕ್ಕು ನಿಲ್ಲುತ್ತದೆ.

ಹಿತ್ತಾಳೆಗೆ ಪಾಲಿಶ್ ಡಬ್ಬಿ ಕೊಳ್ಳಬೇಡಿ. ಬಿಚ್ಚಿ ತೆಗೆದು ಹುಣಸೆಹಣ್ಣಿನಲ್ಲಿ ಉಜ್ಜಿ, ದೇವರ ಪಾತ್ರೆ ಹೇಗೋ ಹಾಗೆ. ಹುಳಿ ಮಾತ್ರ ಉಕ್ಕಿಗೆ ತಾಗದಿರಲಿ.

ಖರ್ಚು ಹೇಳುತ್ತೇನೆ. ನಾನು ಕೊಂಡಾಗ ಕಿಟ್‌ಗೆ 340 ಡಾಲರ್, ಎಣ್ಣೆ, ಬಣ್ಣ, ಬ್ರೌನಿಂಗ್ ದ್ರಾವಣ, ಕಾಗದಕ್ಕೆ 60, ಒಂದು ಒಳ್ಳೆಯ ಅರ ಮತ್ತು ಉಳಿಗೆ 45. ಹಾರಿಸುವ ಸಾಮಾನಿಗೆ, ಅಂದರೆ ಸೀಸದ ಗುಂಡು, ಅದಕ್ಕೆ ಸುತ್ತುವ ಬಟ್ಟೆಯ ತುಂಡು, ಕೇಪು, ಮದ್ದು, ಅಳತೆಯ ಕೊಳವೆಗೆ, ಇನ್ನೂ ನೂರರ ಆಸುಪಾಸು. ನಿಮ್ಮ 500 ಸ್ವಲ್ಪ ದಾಟುತ್ತದೆ. ಹಾರಿಸುವುದನ್ನು ಮುಂದಿನ ತಿಂಗಳಿಗೆ ಹಾಕಿಕೊಂಡರೆ ದಾಟುವುದಿಲ್ಲ.

ಹಾರಿಸುವುದನ್ನು ಮಾತ್ರ ಓದಿ ಕಲಿಯಬೇಡಿ. ಮದ್ದಿನ ಕೋವಿ ಬಲ್ಲವರು ಇರುವ ರೇಂಜಿಗೆ ಹೋಗಿ, ಕಿವಿಗೆ, ಕಣ್ಣಿಗೆ ರಕ್ಷಣೆ ಹಾಕಿಕೊಂಡು, ಅವರ ಪಕ್ಕದಲ್ಲಿ ನಿಂತು ಕಲಿಯಿರಿ. ಮದ್ದಿನ ಅಳತೆ ಕಿಟ್ ಜೊತೆ ಬಂದ ಪುಸ್ತಕದಲ್ಲಿದ್ದಷ್ಟೇ. ಈಗಿನ ತೋಟಾಗಳಲ್ಲಿ ಬರುವ ಹೊಗೆರಹಿತ ಮದ್ದನ್ನು ಚಿಟಿಕೆಯಷ್ಟೂ ಹಾಕಬೇಡಿ, ನಳಿಗೆ ಸಿಡಿಯುತ್ತದೆ. ಗುಂಡು ಮದ್ದಿನ ಮೇಲೆ ಒತ್ತಿ ಕೂತಿರಬೇಕು, ಮಧ್ಯೆ ಜಾಗ ಉಳಿದರೂ ಅದೇ ಗತಿ. ಅದಕ್ಕೆ ಗಜದ ಮೇಲೆ ಎರಡು ಗೆರೆ ಕೊರೆದುಕೊಳ್ಳಿ: ಖಾಲಿ ನಳಿಗೆಗೆ ಒಂದು, ಈಡು ತುಂಬಿದ್ದಕ್ಕೆ ಒಂದು. ಗೋಡೆಯಿಂದ ಕೋವಿ ಇಳಿಸಿದಾಗಲೆಲ್ಲ ಮೊದಲು ಗಜ ಇಳಿಬಿಟ್ಟು ನೋಡುವುದು ನಮ್ಮಜ್ಜನ ಅಭ್ಯಾಸ.

ಇದನ್ನು ಓದುವ ಊರಿನವರಿಗೆ: ಇದು ಅಲ್ಲಿ ಮಾಡುವ ಹವ್ಯಾಸವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಕೋವಿ ತಯಾರಿಸುವುದು, ಜೋಡಿಸುವುದು ಅಪರಾಧ. ಕೊಡವರಿಗೆ, ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೆ ಇರುವ ವಿನಾಯಿತಿಯೂ ಇಟ್ಟುಕೊಳ್ಳುವುದಕ್ಕೇ ಹೊರತು ತಯಾರಿಸುವುದಕ್ಕಲ್ಲ. ನೀವೂ ಅಷ್ಟೆ, ಮುಗಿದ ಕೋವಿಯನ್ನು ಸೂಟ್‌ಕೇಸಿನಲ್ಲಿ ಊರಿಗೆ ಒಯ್ದು ತೋರಿಸುವ ಯೋಚನೆ ಬೇಡ. ಫೋಟೋ ಕಳಿಸಿ.

ಇನ್ನೊಂದು ಬಿಟ್ಟೇಹೋಗಿತ್ತು. ಹಾರಿಸಿದ ದಿನವೇ ನಳಿಗೆ ತೊಳೆಯಿರಿ. ಕರಿಮದ್ದಿನ ಮಸಿ ಗಾಳಿಯ ತೇವ ಹೀರಿಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಬಿಸಿನೀರು, ಸ್ವಲ್ಪ ಸೋಪು, ಆಮೇಲೆ ಒಣಬಟ್ಟೆ, ಎಣ್ಣೆ. ಮೊದಲ ಸಲ ಹಾರಿಸಿ ಬಂದ ರಾತ್ರಿ ಮೈಕೈಗೆಲ್ಲ ದೀಪಾವಳಿಯ ವಾಸನೆ, ಖುಷಿಯೋ ಖುಷಿ, ಬೆಳಿಗ್ಗೆ ತೊಳೆದರಾಯಿತು ಅಂತ ಮಲಗಿಬಿಟ್ಟೆ. ಬಚ್ಚಲಲ್ಲಿ ಹಬೆ ಹಿಡಿದು ಒಂದು ವಾರ ಗೋಗರೆದ ಮೇಲಷ್ಟೇ ಹೊರಮೈಗೆ ಬಂದಿದ್ದ ತುಕ್ಕು, ಬೆಳಗಾಗುವಷ್ಟರಲ್ಲಿ ಒಳಗೆ ತಾನಾಗಿಯೇ ಬಂದು ಕೂತಿತ್ತು.